ಪಟ್ಟಿ ಖಾಲಿ, ಎಲ್ಬೋ ನಾಪತ್ತೆ: ನಾವೇ ಕಟ್ಟಿದ ಮಿಲಿಮೀಟರ್ ಪೈಪುಗಳು ರೂಟಿಂಗ್‌ನಲ್ಲಿ ಕೈಕೊಟ್ಟಾಗ

ಲೈಬ್ರರಿಯಿಂದ ಫ್ಲ್ಯಾಂಜನ್ನು (ಪೈಪನ್ನು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಎಳೆದು ತಂದು ಪಂಪಿನ ಬಾಯಿಗೆ ಕೂರಿಸಿದಿರಿ. ಮೂರು ಆಯಾಮದ ವಿನ್ಯಾಸ ತಂತ್ರಾಂಶವಾದ ಸಾಲಿಡ್‌ವರ್ಕ್ಸ್, ಪೈಪಿನ ದಾರಿ ಹಾಕುವ ತನ್ನ ರೂಟಿಂಗ್ ಆಡ್-ಇನ್‌ನಲ್ಲಿ, ಎಂದಿನಂತೆ ರೂಟ್ ಪ್ರಾಪರ್ಟೀಸ್ ಕಿಟಕಿ ತೆರೆಯಿತು. ಎರಡು ದಿನ ಕೂತು ನೀವೇ ತಯಾರಿಸಿದ ಐಎಸ್ 1239 (ಉಕ್ಕಿನ ಪೈಪುಗಳ ಭಾರತೀಯ ಮಾನಕ) ಪೈಪಿನ ಕಡತವನ್ನು ಅಲ್ಲಿ ಆರಿಸಿದಿರಿ. ಕೆಳಗಿನ ಕಾನ್ಫಿಗರೇಶನ್ (ಒಂದೇ ಪಾರ್ಟಿನ ಬೇರೆ ಬೇರೆ ಸೈಜು) ಪಟ್ಟಿ ಮಾತ್ರ ಖಾಲಿ. ಪಾರ್ಟನ್ನು ಪ್ರತ್ಯೇಕವಾಗಿ ತೆರೆದು ನೋಡಿದರೆ 15ರಿಂದ 150ರವರೆಗೆ ಎಲ್ಲ ಸೈಜುಗಳೂ ಸಾಲಾಗಿ ನಿಂತಿವೆ. ತಂತ್ರಾಂಶದ ಜೊತೆಗೇ ಬಂದ ಇಂಚಿನ ಪೈಪನ್ನು ಆರಿಸಿದರೆ ಪಟ್ಟಿ ತುಂಬುತ್ತದೆ, ಪೈಪೂ ಬರುತ್ತದೆ. ನಿಮ್ಮದಕ್ಕೆ ಮಾತ್ರ ಪ್ರವೇಶವಿಲ್ಲ.

ಈ ಒಂದು ಲಕ್ಷಣಕ್ಕೆ ನಾನು ನಾಲ್ಕೈದು ಬೇರೆ ಬೇರೆ ಕಾರಣಗಳನ್ನು ಕಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದವನೂ ನಾನೇ. ಯಾವುದನ್ನು ಮೊದಲು ನೋಡಬೇಕು, ಯಾವುದರ ಹಿಂದೆ ಬಿದ್ದು ಸಮಯ ಹಾಳು ಮಾಡಬಾರದು ಎಂಬ ಕ್ರಮದಲ್ಲಿ ಇದನ್ನು ಬರೆದಿದ್ದೇನೆ. ಮೆನುಗಳ ಜಾಗ ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಅತ್ತಿತ್ತ ಆಗಬಹುದು. ಒಳಗಿನ ತರ್ಕ ಮಾತ್ರ ಅದೇ.

50 ಎಂಬುದು ಹೆಸರು

ನಮ್ಮ ದೇಶದಲ್ಲಿ 1956ರಲ್ಲೇ ತೂಕ ಮತ್ತು ಅಳತೆಯ ಕಾಯ್ದೆ ಬಂದು ಮೆಟ್ರಿಕ್ ಪದ್ಧತಿಗೆ ದಾರಿಯಾಯಿತು. ಆದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೇಳುವುದು ಅರ್ಧ ಇಂಚು, ಮುಕ್ಕಾಲು ಇಂಚು, ಒಂದೂಕಾಲು ಇಂಚು ಎಂದೇ. ಡ್ರಾಯಿಂಗಿನಲ್ಲಿ 50 ಎನ್‌ಬಿ (ನಾಮಿನಲ್ ಬೋರ್, ಅಂದರೆ ಹೆಸರಿಗಷ್ಟೇ ಇರುವ ಒಳವ್ಯಾಸ) ಎಂದು ಬರೆದಿರುತ್ತೇವೆ, ಅಂಗಡಿಯವನು ಅದನ್ನು ಎರಡಿಂಚು ಎನ್ನುತ್ತಾನೆ, ವರ್ನಿಯರ್ ಹಿಡಿದರೆ ಹೊರವ್ಯಾಸ 60.3 ಮಿಮೀ ಬರುತ್ತದೆ. ಮೀಡಿಯಂ ದರ್ಜೆಯ ಪೈಪಿನ ಗೋಡೆ 3.6 ಮಿಮೀ ಇರುವುದರಿಂದ ಒಳವ್ಯಾಸ 53.1. ಆ ಪೈಪಿನ ಮೇಲೆ ಎಲ್ಲಿ ಅಳೆದರೂ 50 ಸಿಗುವುದಿಲ್ಲ, ಎರಡಿಂಚು ಅಂದರೆ 50.8 ಕೂಡ ಸಿಗುವುದಿಲ್ಲ.

ರೂಟಿಂಗ್ ತಂತ್ರಾಂಶ ಹುಡುಕುವುದು ಹೊರವ್ಯಾಸವನ್ನೂ ಅಲ್ಲ, ಒಳವ್ಯಾಸವನ್ನೂ ಅಲ್ಲ. ಅದು ಹುಡುಕುವುದು ಈ ಹೆಸರನ್ನು. ಆದರೆ ಹೆಸರನ್ನು ಒಂದು ಅಂಕಿಯಾಗಿ ಹೋಲಿಸುತ್ತದೆ. ಪೈಪ್ ಪಾರ್ಟಿನಲ್ಲಿ ಫಿಲ್ಟರ್‌ಸ್ಕೆಚ್ ಎಂಬ ಒಂದು ಸ್ಕೆಚ್ ಇರುತ್ತದೆ. ಅದರಲ್ಲಿ ಒಂದೇ ಒಂದು ವೃತ್ತ, ಅದಕ್ಕೆ ನಾಮಿನಲ್ ಡಯಾಮೀಟರ್ ಎಂಬ ಒಂದೇ ಒಂದು ಅಳತೆ. ಆ ವೃತ್ತದಿಂದ ಯಾವ ಲೋಹವೂ ಹುಟ್ಟುವುದಿಲ್ಲ, ಅಂಕಿಯೊಂದನ್ನು ಹಿಡಿದು ನಿಲ್ಲುವುದಷ್ಟೇ ಅದರ ಕೆಲಸ. ಇನ್ನೊಂದು ಕಡೆ ಫ್ಲ್ಯಾಂಜ್, ಎಲ್ಬೋ (ತಿರುವಿನ ತುಂಡು), ಟೀ (ಮೂರು ಬಾಯಿಯ ತುಂಡು), ವಾಲ್ವ್‌ಗಳ ಪ್ರತಿ ತುದಿಯಲ್ಲಿ ಕನೆಕ್ಷನ್ ಪಾಯಿಂಟ್ ಇರುತ್ತದೆ. ಎಲ್ಲರೂ ಸಿ-ಪಾಯಿಂಟ್ ಎನ್ನುವುದು ಇದನ್ನೇ. ಅದರೊಳಗೂ ಒಂದು ವ್ಯಾಸ ಬರೆದಿರುತ್ತದೆ. ಫ್ಲ್ಯಾಂಜಿನ ಸಿ-ಪಾಯಿಂಟ್ ವ್ಯಾಸವೂ ಪೈಪಿನ ಫಿಲ್ಟರ್‌ಸ್ಕೆಚ್ ವ್ಯಾಸವೂ ಒಂದೇ ಆಗಿದ್ದರೆ ಪಟ್ಟಿ ತುಂಬುತ್ತದೆ. 50 ಮತ್ತು 50.8 ನಮಗೆ ನಿಮಗೆ ಒಂದೇ ಪೈಪ್. ತಂತ್ರಾಂಶಕ್ಕೆ ಅವು ಪರಸ್ಪರ ಪರಿಚಯವೇ ಇಲ್ಲದ ಎರಡು ಸಂಖ್ಯೆಗಳು.

ಹಾಗಾಗಿ ಇಂಚಿನ ಲೈಬ್ರರಿಯ ಫ್ಲ್ಯಾಂಜ್ ಇಟ್ಟು ನಮ್ಮ 50ರ ಪೈಪನ್ನು ಕೇಳಿದರೆ ಪಟ್ಟಿ ಖಾಲಿ ಬರುವುದು ಸಹಜ. ಇಂಚಿನ ಪೈಪ್ ಕೆಲಸ ಮಾಡುತ್ತದೆ, ನಿಮ್ಮದು ಮಾಡುವುದಿಲ್ಲ ಎಂದರೆ ಅದೇ ದೊಡ್ಡ ಸುಳಿವು: ತಂತ್ರಾಂಶ ಸರಿಯಾಗಿದೆ, ಆಡ್-ಇನ್ ಸರಿಯಾಗಿದೆ, ಲೈಬ್ರರಿಯ ದಾರಿ ಸರಿಯಾಗಿದೆ. ಅವುಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ನಾನು ಒಮ್ಮೆ ಮಾಡಿದ್ದೇನೆ. ಇಡೀ ಶನಿವಾರ ಹೋಯಿತು, ಸೋಮವಾರ ಬೆಳಿಗ್ಗೆ ಅದೇ ಖಾಲಿ ಪಟ್ಟಿ ಎದುರಿಗಿತ್ತು.

ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ಫ್ಲ್ಯಾಂಜ್ ಪಾರ್ಟನ್ನು ತೆರೆಯಿರಿ. ನಿಮಗೆ ಬೇಕಾದ ಸೈಜಿನ ಕಾನ್ಫಿಗರೇಶನ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಅದನ್ನು ಚಾಲ್ತಿಗೆ ತನ್ನಿ. ಇದನ್ನು ಮರೆತು ಬೇರೆ ಸೈಜಿನ ಅಂಕಿ ಓದಿ ತಲೆ ಕೆಡಿಸಿಕೊಂಡವರು ಬಹಳ. ಎಡಗಡೆಯ ಫೀಚರ್ ಪಟ್ಟಿಯಲ್ಲಿ ಸಿ-ಪಾಯಿಂಟ್ ಹುಡುಕಿ ಎಡಿಟ್ ಫೀಚರ್ ಕೊಡಿ, ವ್ಯಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪೈಪ್ ಪಾರ್ಟಿನಲ್ಲಿಯೂ ಅದೇ ಸೈಜನ್ನು ಚಾಲ್ತಿಗೆ ತಂದು ಫಿಲ್ಟರ್‌ಸ್ಕೆಚ್‌ನ ಅಳತೆ ಓದಿ.

ಓದುವ ಮೊದಲು ಒಂದು ಕೆಲಸವಿದೆ. ಎರಡೂ ಕಡತಗಳ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಯೂನಿಟ್ ಏನಿದೆ, ದಶಮಾಂಶ ಎಷ್ಟು ಸ್ಥಾನಕ್ಕಿದೆ ನೋಡಿ, ಮೂರು ಸ್ಥಾನಕ್ಕೆ ಏರಿಸಿ. ನಮ್ಮಲ್ಲಿ ಬಹಳಷ್ಟು ಟೆಂಪ್ಲೇಟುಗಳು ಡ್ರಾಯಿಂಗ್ ಚೆನ್ನಾಗಿ ಕಾಣಲೆಂದು ದಶಮಾಂಶವನ್ನು ಸೊನ್ನೆಗೆ ಇಳಿಸಿರುತ್ತವೆ. ಒಂದಿಂಚಿನ ಫ್ಲ್ಯಾಂಜಿನಲ್ಲಿ ಇರುವುದು 25.4. ದಶಮಾಂಶ ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು 25. ನಿಮ್ಮ ಪೈಪಿನಲ್ಲಿರುವುದೂ 25. ಎರಡೂ 25, ಆದರೂ ಹೊಂದುತ್ತಿಲ್ಲ! ಎರಡು ಗಂಟೆ ತಲೆ ಕೆರೆದುಕೊಂಡ ಮೇಲೆ ಈ 0.4 ನನ್ನ ಕಣ್ಣಿಗೆ ಬಿತ್ತು. ಅಂದಿನಿಂದ ಲೈಬ್ರರಿ ಪಾರ್ಟುಗಳಿಗೆಂದೇ ಮೂರು ದಶಮಾಂಶದ ಬೇರೆ ಟೆಂಪ್ಲೇಟ್ ಇಟ್ಟುಕೊಂಡಿದ್ದೇನೆ.

ಅಂಕಿಗಳು ಬೇರೆ ಬೇರೆ ಎಂದು ಕಂಡರೆ ಯಾವುದನ್ನು ಬದಲಿಸಬೇಕು? ತಂತ್ರಾಂಶಕ್ಕೆ ಯಾವುದಾದರೂ ಸರಿ. ನನ್ನ ಅಭಿಪ್ರಾಯ ಕೇಳಿದರೆ 15, 20, 25, 32, 40, 50, 65, 80, 100 ಎಂಬ ಎನ್‌ಬಿ ಅಂಕಿಗಳನ್ನೇ ಎಲ್ಲ ಕಡೆ ಇಡಿ. ಪೈಪನ್ನು 50.8ಕ್ಕೆ ತಿದ್ದಿ ಕೆಲಸ ಮುಗಿಸುವುದು ಸುಲಭ, ಆದರೆ ಆರು ತಿಂಗಳ ನಂತರ ಬೇರೆಯವರು ಅದೇ ಲೈಬ್ರರಿಗೆ 50 ಎಂದು ಬರೆದ ವಾಲ್ವ್ ಸೇರಿಸುತ್ತಾರೆ, ಆಗ ಇದೇ ಆಟ ಮತ್ತೆ ಶುರು. ಇಂಚಿನ ಫ್ಲ್ಯಾಂಜ್ ಬೇಕೇ ಬೇಕು ಎಂದಾದರೆ ಅದರ ಪ್ರತಿಯನ್ನು ಹೊಸ ಹೆಸರಿನಲ್ಲಿ ನಮ್ಮ ಫೋಲ್ಡರಿಗೆ ತಂದು, ಅದರ ಸಿ-ಪಾಯಿಂಟ್ ಅಂಕಿಗಳನ್ನು ತಿದ್ದಿ. ತಂತ್ರಾಂಶದ ಮೂಲ ಲೈಬ್ರರಿಯನ್ನು ಮುಟ್ಟಬೇಡಿ.

ಅಂಕಿಗಳು ಮೂರು ದಶಮಾಂಶದವರೆಗೂ ಒಂದೇ, ಆದರೂ ಪಟ್ಟಿ ಖಾಲಿಯೇ? ಹಾಗಾದರೆ ಸಿ-ಪಾಯಿಂಟ್ ಕಿಟಕಿಯಲ್ಲೇ ಇನ್ನೆರಡು ಕಡೆ ನೋಡಿ. ಒಂದು, ರೂಟಿನ ಬಗೆ. ಪೈಪ್ ಎಂದು ಇರಬೇಕಾದ ಕಡೆ ಟ್ಯೂಬ್ ಎಂದಿದ್ದರೆ ಫ್ಲ್ಯಾಂಜ್ ಕೂತ ಕೂಡಲೇ ತಂತ್ರಾಂಶ ಬೇರೆಯದೇ ದಾರಿ ಹಿಡಿಯುತ್ತದೆ. ಇನ್ನೊಂದು, ಸ್ಪೆಸಿಫಿಕೇಶನ್. ಹಳೆಯ ಪಾರ್ಟನ್ನು ನಕಲು ಮಾಡಿದಾಗ ಅದರೊಳಗಿನ ಶೆಡ್ಯೂಲ್ (ಗೋಡೆಯ ದಪ್ಪದ ದರ್ಜೆ) ಅಥವಾ ಕ್ಲಾಸ್ (ಒತ್ತಡದ ದರ್ಜೆ) ಬರಹವೂ ಜೊತೆಗೇ ಬಂದಿರುತ್ತದೆ. ವ್ಯಾಸ ಹೊಂದಿದರೂ ಈ ಬರಹ ಅಡ್ಡ ನಿಲ್ಲುತ್ತದೆ.

ಒಂದು ಸೈಜಿಗೆ ಸರಿ, ಉಳಿದವಕ್ಕೆ ಇಲ್ಲ

ಇದು ಬೇಗ ಮುಗಿಯುವ ಪ್ರಕರಣ. 50ಕ್ಕೆ ಎಲ್ಲವೂ ಸರಿ, 80ರ ಫ್ಲ್ಯಾಂಜ್ ಹಾಕಿದರೂ ಪಟ್ಟಿಯಲ್ಲಿ 50ರ ಪೈಪೇ ಬರುತ್ತದೆ. ಕಾರಣ: ಫ್ಲ್ಯಾಂಜಿನ ಡಿಸೈನ್ ಟೇಬಲಿನಲ್ಲಿ (ಪ್ರತಿ ಸೈಜಿನ ಅಳತೆ ತುಂಬಿದ ಎಕ್ಸೆಲ್ ಹಾಳೆ) ದಪ್ಪ, ಹೊರವ್ಯಾಸ, ಬೋಲ್ಟ್ ತೂತು ಎಲ್ಲಕ್ಕೂ ಕಾಲಂ ಇದೆ, ಸಿ-ಪಾಯಿಂಟಿನ ವ್ಯಾಸಕ್ಕೆ ಮಾತ್ರ ಇಲ್ಲ. ಹಾಗಾಗಿ ಆಕಾರ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ಆ ಒಂದು ಕಾಲಂ ಸೇರಿಸಿ. ಟೀ ಆದರೆ ಮೂರು ತುದಿಗೆ ಮೂರು ಕಾಲಂ. ಸಣ್ಣ ಬ್ರಾಂಚಿನ ಟೀ ಆದರೆ ಮೂರನೆಯದರಲ್ಲಿ ಸಣ್ಣ ಅಂಕಿ.

ಹೆಸರುಗಳ ಕಾಗುಣಿತದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಪೈಪ್ ಪಾರ್ಟಿನಲ್ಲಿ ಪೈಪ್‌ಸ್ಕೆಚ್ ಎಂಬ ಸ್ಕೆಚ್, ಅದರಲ್ಲಿ ಹೊರವ್ಯಾಸ ಮತ್ತು ಒಳವ್ಯಾಸದ ಎರಡು ವೃತ್ತ, ಎಕ್ಸ್‌ಟ್ರೂಶನ್ ಎಂಬ ಫೀಚರ್, ಅದರಲ್ಲಿ ಲೆಂಗ್ತ್ ಎಂಬ ಅಳತೆ, ಮೇಲೆ ಹೇಳಿದ ಫಿಲ್ಟರ್‌ಸ್ಕೆಚ್, ಇಷ್ಟೂ ಇರಲೇಬೇಕು. ಹೆಸರುಗಳು ತಂತ್ರಾಂಶ ನಿರೀಕ್ಷಿಸುವಂತೆಯೇ ಇರಬೇಕು. ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕಡತದಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. ಅವುಗಳನ್ನು ಕೈಯಿಂದ ಟೈಪ್ ಮಾಡಬೇಡಿ. ತಂತ್ರಾಂಶದ ಜೊತೆ ಬಂದ ಪೈಪೊಂದನ್ನು ತೆರೆದು ಅಲ್ಲಿಂದಲೇ ನಕಲು ಮಾಡಿ. ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡರೂ ಸಾಕು, ಆ ಕಾಲಂ ಅನಾಥ. ರೂಟಿಂಗ್ ಲೈಬ್ರರಿ ಮ್ಯಾನೇಜರ್‌ನಲ್ಲಿರುವ ಕಾಂಪೊನೆಂಟ್ ವಿಝಾರ್ಡ್ ಪಾರ್ಟನ್ನೂ ಡಿಸೈನ್ ಟೇಬಲನ್ನೂ ಪರೀಕ್ಷಿಸಿ ಇಂಥ ಕೊರತೆಗಳನ್ನು ತೋರಿಸುತ್ತದೆ. ಹೆಸರು ಇಲ್ಲದಿದ್ದರೆ ಅದು ಹಿಡಿಯುತ್ತದೆ. ಹೆಸರು ಇದ್ದು ಅಂಕಿ ತಪ್ಪಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ವಿಝಾರ್ಡ್ ಎಲ್ಲ ಸರಿ ಎಂದಿತು ಎಂಬ ಒಂದೇ ಕಾರಣಕ್ಕೆ ನಂಬಬೇಡಿ.

ಆನೆ ಗಾತ್ರದ ಪೈಪ್, ಇರುವೆ ಗಾತ್ರದ ಪೈಪ್

ಪಟ್ಟಿ ಬಂತು, 50 ಎನ್‌ಬಿ ಆರಿಸಿದಿರಿ, ಪೈಪ್ ಬಂದು ಪಂಪನ್ನೂ ಟ್ಯಾಂಕನ್ನೂ ನುಂಗಿಬಿಟ್ಟಿತು. ಅದರ ಹೊರವ್ಯಾಸ ಅಳೆಯಿರಿ. 1531.62 ಮಿಮೀ ಇದ್ದರೆ ಲೆಕ್ಕ ಸ್ಪಷ್ಟ: 60.3ನ್ನು ಇಂಚೆಂದು ಓದಲಾಗಿದೆ. ಡಿಸೈನ್ ಟೇಬಲಿನ ಅಂಕಿಗಳಿಗೆ ತಮ್ಮದೇ ಯೂನಿಟ್ ಇಲ್ಲ, ಪಾರ್ಟಿನ ಯೂನಿಟ್ಟೇ ಅವುಗಳದ್ದು. ಇಂಚಿನ ಪೈಪನ್ನು ನಕಲು ಮಾಡಿ ಟೇಬಲಿಗೆ ಮಿಲಿಮೀಟರ್ ಅಂಕಿಗಳನ್ನು ತುಂಬಿದರೆ ಆಗುವುದು ಇದೇ. ತಿರುಗುಮುರುಗು ಆದಾಗ, ಅಂದರೆ ಮಿಲಿಮೀಟರ್ ಪಾರ್ಟಿಗೆ ಇಂಚಿನ ಟೇಬಲನ್ನು ಅಂಟಿಸಿದಾಗ, ಹೊರವ್ಯಾಸ 2.375 ಮಿಮೀ ಆಗಿ ಪೈಪ್ ಬಾಲ್ ಪೆನ್ನಿನ ರೀಫಿಲ್ಲಿನಂತೆ ಕಾಣುತ್ತದೆ. ಹಲವರು ಅದನ್ನು ನೋಡಿ ಪೈಪೇ ಬಂದಿಲ್ಲ, ಬರೀ ಗೆರೆ ಬಂದಿದೆ ಎಂದುಕೊಳ್ಳುತ್ತಾರೆ. ಝೂಮ್ ಮಾಡಿ ನೋಡಿ.

ರೂಟ್ ಅಸೆಂಬ್ಲಿಯ ಟೆಂಪ್ಲೇಟ್ ಇಂಚಿನಲ್ಲಿದ್ದರೆ ಸ್ಕೆಚ್ಚಿನ ಅಳತೆಗಳು ಇಂಚಿನಲ್ಲಿ ಕಾಣುತ್ತವೆ. ಕಿರಿಕಿರಿ ನಿಜ, ಆದರೆ ಈ ದೋಷಕ್ಕೂ ಅದಕ್ಕೂ ಸಂಬಂಧವಿಲ್ಲ. ಟೆಂಪ್ಲೇಟನ್ನು ಆಮೇಲೆ ಸಾವಕಾಶವಾಗಿ ಬದಲಿಸಿ.

ಮೀಡಿಯಂ ದರ್ಜೆಯ ಪೈಪಿಗೆ ನಾನು ಇಟ್ಟುಕೊಂಡಿರುವ ಟೇಬಲಿನ ಕೆಲವು ಸಾಲುಗಳು ಇವು. ನಿಮ್ಮದನ್ನು ಹೋಲಿಸಿಕೊಳ್ಳಬಹುದು, ಎಲ್ಲವೂ ಮಿಮೀ.

| ನಾಮಿನಲ್ | ಹೊರವ್ಯಾಸ | ಗೋಡೆ | ಒಳವ್ಯಾಸ |
|---|---|---|---|
| 25 | 33.7 | 3.2 | 27.3 |
| 50 | 60.3 | 3.6 | 53.1 |
| 65 | 76.1 | 3.6 | 68.9 |
| 80 | 88.9 | 4.0 | 80.9 |
| 100 | 114.3 | 4.5 | 105.3 |

ಮೂಲೆಯಲ್ಲಿ ಎಲ್ಬೋ ಬರುವುದಿಲ್ಲ

ನೇರ ಪೈಪುಗಳು ಬಂದವು, ತಿರುವಿನಲ್ಲಿ ಮಾತ್ರ ಏನೂ ಇಲ್ಲ. ಅಥವಾ ಪ್ರತಿ ತಿರುವಿಗೂ ಕಿಟಕಿಯೊಂದು ತೆರೆದು ವಿಶೇಷ ಎಲ್ಬೋ ಮಾಡಲೇ ಎಂದು ಕೇಳುತ್ತದೆ. ಮೊದಲು ಎಲ್ಬೋದ ಎರಡೂ ತುದಿಗಳ ಸಿ-ಪಾಯಿಂಟ್ ಅಂಕಿ ನೋಡಿ, ಮೇಲೆ ಹೇಳಿದ ಹಾಗೆಯೇ. ಎರಡೂ ತುದಿ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಬಹಳ ಸುಲಭ.

ಅದು ಸರಿಯಿದ್ದರೆ ಕೋನ ನೋಡಿ. ಎಲ್ಬೋದ ಮಧ್ಯರೇಖೆಯಾದ ಎಲ್ಬೋಆರ್ಕ್ ಸ್ಕೆಚ್ಚಿನಲ್ಲಿ ಬೆಂಡ್ ಆಂಗಲ್ 90 ಅಥವಾ 45 ಇರುತ್ತದೆ. ನಿಮ್ಮ ರೂಟಿನ ಸ್ಕೆಚ್ಚಿನಲ್ಲಿ ಆ ತಿರುವು ನಿಜಕ್ಕೂ 90 ಇದೆಯೇ? ಅಳೆದು ನೋಡಿ, ಮೂರು ದಶಮಾಂಶದಲ್ಲೇ. 89.93 ಎಂದು ಬಂದರೆ ಆಶ್ಚರ್ಯಪಡಬೇಡಿ. ಪಂಪ್ ತಯಾರಿಸುವವರು ಕೊಟ್ಟ ಸ್ಟೆಪ್ ಕಡತದಲ್ಲಿ (ಬೇರೆ ತಂತ್ರಾಂಶಗಳೂ ಓದಬಲ್ಲ 3ಡಿ ಕಡತ) ನಾಝಲ್ಲಿನ ಕೇಂದ್ರ ಅರ್ಧ ಮಿಲಿಮೀಟರ್ ಅತ್ತ ಇದ್ದರೆ, ಅಥವಾ ಟ್ಯಾಂಕನ್ನು ಕಣ್ಣಳತೆಯಲ್ಲಿ ಎಳೆದು ಇಟ್ಟಿದ್ದರೆ ಹೀಗೇ ಆಗುತ್ತದೆ. ತಂತ್ರಾಂಶದ ಮಟ್ಟಿಗೆ ಅದು 90ರ ತಿರುವಲ್ಲ. ಸ್ಕೆಚ್ಚಿನ ರೇಖೆಗಳಿಗೆ ಎಕ್ಸ್, ವೈ, ಝಡ್ ಅಕ್ಷದ ಉದ್ದಕ್ಕೆ ಎಂಬ ನಿರ್ಬಂಧ ಕೊಡಿ. ನಿರ್ಬಂಧ ಕೊಟ್ಟ ಕೂಡಲೇ ಸ್ಕೆಚ್ ಕೆಂಪಾಗಿ ದೂರು ಹೇಳಿದರೆ ನಾಝಲ್ಲೇ ಅತ್ತಿತ್ತ ಇದೆ ಎಂದರ್ಥ. ಆಗ ರೂಟನ್ನು ಬೈಯದೆ ಪಂಪಿನ ಜಾಗವನ್ನು ಸರಿಪಡಿಸಿ.

ಮೂರನೆಯದು ಜಾಗದ ಕೊರತೆ. 50 ಎನ್‌ಬಿ ಲಾಂಗ್ ರೇಡಿಯಸ್ ಎಲ್ಬೋದಲ್ಲಿ ಮೂಲೆಯಿಂದ ತುದಿಗೆ 76 ಮಿಮೀ. ಎರಡು ತಿರುವುಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 120 ಮಿಮೀ ಕೊಟ್ಟಿದ್ದರೆ ಎರಡು ಎಲ್ಬೋಗಳಿಗೇ 152 ಬೇಕು. ಪೈಪಿಗೆ ಎಲ್ಲಿ ಜಾಗ? ಇದು ಲೈಬ್ರರಿಯ ದೋಷವಲ್ಲ, ಆದರೆ ರೀಬಿಲ್ಡ್ ದೋಷವಾಗಿ ಕಂಡು ಎಲ್ಲರೂ ಲೈಬ್ರರಿಯನ್ನೇ ಅನುಮಾನಿಸುತ್ತಾರೆ. ಸ್ಕೆಚ್ಚಿನ ಆ ಅಳತೆಯನ್ನು ತಾತ್ಕಾಲಿಕವಾಗಿ 500 ಮಾಡಿ ನೋಡಿ. ಎಲ್ಬೋ ತಾನಾಗಿ ಬಂದು ಕೂತರೆ ಲೈಬ್ರರಿ ನಿರಪರಾಧಿ.

ಎಲ್ಬೋ ಬಂದಿದೆ, ಆದರೆ ಪೈಪ್ ಅದರ ಹೊಟ್ಟೆಯೊಳಗೆ ನುಗ್ಗಿದೆಯೇ? ಸಿ-ಪಾಯಿಂಟಿನ ಬಾಣ ಒಳಮುಖವಾಗಿದೆ. ಅದು ಯಾವಾಗಲೂ ಪೈಪ್ ಹೊರಡುವ ದಿಕ್ಕಿಗೆ, ಅಂದರೆ ಫಿಟ್ಟಿಂಗಿನಿಂದ ಹೊರಕ್ಕೆ ತೋರಬೇಕು. ಎಡಿಟ್ ಮಾಡಿ ದಿಕ್ಕು ತಿರುಗಿಸಿದರೆ ಆಯಿತು.

ಎಚ್ಚರಿಕೆಯೇ ಬಾರದ ತಪ್ಪುಗಳು

ಇಲ್ಲಿಯವರೆಗಿನವು ಕೂಗಿ ಹೇಳುವ ದೋಷಗಳು. ನನಗೆ ಭಯ ಸುಮ್ಮನಿರುವ ದೋಷಗಳದ್ದು. ಪಟ್ಟಿ ತುಂಬಿದೆ, ಎಲ್ಬೋ ಕೂತಿದೆ, ಚಿತ್ರ ಸುಂದರವಾಗಿದೆ, ಸಾಮಗ್ರಿ ಪಟ್ಟಿ ವರ್ಕ್‌ಶಾಪಿಗೆ ಹೋಗಿದೆ.

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ನಮ್ಮ ನೀರು ಶುದ್ಧೀಕರಣದ ಸ್ಕಿಡ್ (ಒಂದೇ ಚೌಕಟ್ಟಿನ ಮೇಲೆ ಕಟ್ಟಿದ ಘಟಕ) ತಯಾರಾಗುತ್ತಿತ್ತು. ಅಲ್ಲಿನ ಹಿರಿಯ ಫಿಟ್ಟರ್ ಫೋನ್ ಮಾಡಿ, "ಸಾರ್, ನಿಮ್ಮ ಎರಡೂವರೆ ಇಂಚಿನ ಎಲ್ಬೋ ಪೈಪಿಗಿಂತ ಸಣ್ಣದಾಗಿದೆ, ಒಮ್ಮೆ ಬಂದು ನೋಡಿ" ಎಂದರು. ಹೋದೆ. ಅವರು ಪೈಪಿನ ತುದಿಗೆ ಎಲ್ಬೋ ಹಿಡಿದು ಸುತ್ತಲೂ ಉಗುರು ಆಡಿಸಿ ತೋರಿಸಿದರು. ಒಂದೂವರೆ ಮಿಲಿಮೀಟರ್ ಮೆಟ್ಟಿಲು ಉಗುರಿಗೆ ತಾಗುತ್ತಿತ್ತು. ಪೈಪ್ 76.1, ಎಲ್ಬೋ 73.0.

ತಪ್ಪು ನನ್ನದು. ಅಮೆರಿಕದ ಎಎಸ್‌ಎಂಇ ಬಿ36.10 ಅಳತೆಯ ಪೈಪ್ ಲೈಬ್ರರಿಯನ್ನು ತೆಗೆದುಕೊಂಡು, ಇಂಚುಗಳನ್ನು ಎನ್‌ಬಿ ಅಂಕಿಗೆ ಬದಲಿಸಿ, ಹೊರವ್ಯಾಸವನ್ನು ಹಾಗೆಯೇ ಬಿಟ್ಟಿದ್ದೆ. 15, 25, 50, 80, 100ರಲ್ಲಿ ಎರಡೂ ಪದ್ಧತಿಗಳು ಹೆಚ್ಚುಕಡಿಮೆ ಒಂದೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಕೈಕೊಡುವುದು ಮೂರು ಕಡೆ. 65ರಲ್ಲಿ ಅಲ್ಲಿಯದು 73.0, ಐಎಸ್ 1239ರಲ್ಲಿ 76.1. 125ರಲ್ಲಿ ಅಲ್ಲಿ 141.3, ಇಲ್ಲಿ 139.7. 150ರಲ್ಲಿ ಅಲ್ಲಿ 168.3, ಇಲ್ಲಿ 165.1. ಮಾದರಿಯಲ್ಲಿ ಪೈಪೂ ಎಲ್ಬೋವೂ ಒಂದೇ ತಪ್ಪನ್ನು ಹಂಚಿಕೊಂಡಿದ್ದವು, ಆದ್ದರಿಂದ ಪರದೆಯ ಮೇಲೆ ಮೆಟ್ಟಿಲು ಕಾಣಲಿಲ್ಲ. ಖರೀದಿ ವಿಭಾಗ ಪೈಪನ್ನು ಐಎಸ್ ಪ್ರಕಾರ ತಂದಿತು, ಎಲ್ಬೋವನ್ನು ನನ್ನ ಪಟ್ಟಿಯ ಪ್ರಕಾರ ತಂದಿತು. ಯೂ-ಕ್ಲ್ಯಾಂಪುಗಳೂ 73ಕ್ಕೆ ಬಂದಿದ್ದವು ಎಂಬುದು ಮಧ್ಯಾಹ್ನದ ಊಟದ ನಂತರ ತಿಳಿಯಿತು.

ಹಾಗಾಗಿ ಲೈಬ್ರರಿ ಪರೀಕ್ಷಿಸುವವರು 50 ಎನ್‌ಬಿ ತೆಗೆದುಕೊಂಡು ಪರೀಕ್ಷಿಸಬಾರದು. 50 ಯಾವ ಪದ್ಧತಿಯಲ್ಲಾದರೂ ಪಾಸಾಗುತ್ತದೆ. 65 ತೆಗೆದುಕೊಳ್ಳಿ.

ಎರಡನೆಯ ಮೌನ ದೋಷ ಎಲ್ಬೋದ ತ್ರಿಜ್ಯದ್ದು. ಲಾಂಗ್ ರೇಡಿಯಸ್ ಎಂದರೆ ತಿರುವಿನ ತ್ರಿಜ್ಯ ಪೈಪಿನ ಸೈಜಿನ ಒಂದೂವರೆ ಪಟ್ಟು ಎಂದು ಎಲ್ಲರಿಗೂ ಬಾಯಿಪಾಠ. ಎಕ್ಸೆಲ್ ಇದೆ, ನಾಮಿನಲ್ ಕಾಲಂ ಇದೆ, ಗುಣಿಸು 1.5 ಎಂದು ಎಳೆದುಬಿಡುತ್ತೇವೆ. ಆ ಒಂದೂವರೆ ಪಟ್ಟು ಇಂಚಿನ ಹೆಸರಿನ ಮೇಲೆ, ಎನ್‌ಬಿ ಅಂಕಿಯ ಮೇಲಲ್ಲ. 100ಕ್ಕೆ 150 ಬರುತ್ತದೆ, ವೆಲ್ಡ್ ಫಿಟ್ಟಿಂಗುಗಳ ಮಾನಕವಾದ ಎಎಸ್‌ಎಂಇ ಬಿ16.9ರಲ್ಲಿ ಇರುವುದು 152. ಎರಡು ಮಿಲಿಮೀಟರನ್ನು ವೆಲ್ಡರ್ ಸುಧಾರಿಸಿಕೊಳ್ಳುತ್ತಾರೆ ಎನ್ನೋಣ. 15ಕ್ಕೆ ಸೂತ್ರ ಕೊಡುವುದು 22.5. ಪಟ್ಟಿಯಲ್ಲಿ ಇರುವುದು 38, ಏಕೆಂದರೆ ಸಣ್ಣ ಸೈಜುಗಳಿಗೆ ಆ ನಿಯಮವೇ ಅನ್ವಯಿಸುವುದಿಲ್ಲ. 15, 20, 25 ಮೂರಕ್ಕೂ 38. ಎರಡು ಎಲ್ಬೋಗಳ ನಡುವಿನ 15 ಎನ್‌ಬಿ ಪೈಪನ್ನು ನಿಮ್ಮ ಮಾದರಿ 31 ಮಿಮೀ ಹೆಚ್ಚು ಉದ್ದವಾಗಿ ಕತ್ತರಿಸಲು ಹೇಳುತ್ತದೆ. ತ್ರಿಜ್ಯದ ಕಾಲಮ್ಮಿಗೆ ಸೂತ್ರ ಬೇಡ, ಪಟ್ಟಿಯಿಂದ ಒಂದೊಂದಾಗಿ ತುಂಬಿ: 32ಕ್ಕೆ 48, 40ಕ್ಕೆ 57, 50ಕ್ಕೆ 76, 65ಕ್ಕೆ 95, 80ಕ್ಕೆ 114.

ಮೂರನೆಯದು ಮರೆ (ಥ್ರೆಡ್) ಇರುವ ಜಿಐ (ಸತು ಲೇಪಿತ ಕಬ್ಬಿಣ) ಫಿಟ್ಟಿಂಗುಗಳದ್ದು. ತುದಿಗೆ ತುದಿ ಬೆಸೆಯುವ ಬಟ್ ವೆಲ್ಡ್ ಎಲ್ಬೋದಲ್ಲಿ ಸಿ-ಪಾಯಿಂಟ್ ತುದಿಯ ಮುಖದ ಮೇಲೆ ಕೂರುತ್ತದೆ. ಮರೆಯ ಎಲ್ಬೋದಲ್ಲಿ ಪೈಪ್ ಒಳಗೆ ಹೋಗುತ್ತದೆ, ಆದ್ದರಿಂದ ಸಿ-ಪಾಯಿಂಟ್ ಕೂಡ ಪೈಪಿನ ತುದಿ ನಿಲ್ಲುವ ಆಳದಲ್ಲಿ ಇರಬೇಕು. ಅಭ್ಯಾಸಬಲದಿಂದ ಮುಖದ ಮೇಲೆ ಇಟ್ಟರೆ ಚಿತ್ರದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಒಂದು ತುದಿ 15 ಮಿಮೀ ಒಳಗೆ ಹೋಗುತ್ತದೆ ಎಂದಿಟ್ಟುಕೊಂಡರೆ ಪ್ರತಿ ತುಂಡೂ 30 ಮಿಮೀ ಗಿಡ್ಡ. ಇಂಥ ಇಪ್ಪತ್ತು ತುಂಡು ಕತ್ತರಿಸಿದ ಮೇಲೆ ಯಾರಾದರೂ ಜೋಡಿಸಲು ನೋಡುತ್ತಾರೆ. ಪರೀಕ್ಷೆ ಸುಲಭ: ಮಾದರಿಯನ್ನು ಸೆಕ್ಷನ್ ವ್ಯೂನಲ್ಲಿ ಸೀಳಿ ಪೈಪಿನ ತುದಿ ಎಲ್ಲಿ ನಿಂತಿದೆ ನೋಡಿ.

ಕೊನೆಯದು ದರ್ಜೆ. ಐಎಸ್ 1239ರಲ್ಲಿ ಲೈಟ್, ಮೀಡಿಯಂ, ಹೆವಿ ಎಂದು ಮೂರು. ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ, ಲೈಟಿಗೆ ಹಳದಿ, ಮೀಡಿಯಂಗೆ ನೀಲಿ, ಹೆವಿಗೆ ಕೆಂಪು. ಮೂರರ ಹೊರವ್ಯಾಸ ಒಂದೇ, ನಾಮಿನಲ್ ಅಂಕಿ ಒಂದೇ, ಗೋಡೆ ಮಾತ್ರ ಬೇರೆ, 50ರಲ್ಲಿ 2.9, 3.6, 4.5. ತಂತ್ರಾಂಶ ಪೈಪುಗಳನ್ನು ಬೇರ್ಪಡಿಸಿ ಗುರುತಿಸುವುದು ಪೈಪ್ ಐಡೆಂಟಿಫೈಯರ್ ಎಂಬ ಪ್ರಾಪರ್ಟಿಯಿಂದ. ಮೀಡಿಯಂ ಕಡತವನ್ನು ನಕಲು ಮಾಡಿ ಹೆವಿ ತಯಾರಿಸಿದಾಗ ಗೋಡೆ ಬದಲಿಸುತ್ತೇವೆ, ಐಡೆಂಟಿಫೈಯರ್ ಬದಲಿಸಲು ಮರೆಯುತ್ತೇವೆ. ಹೆವಿ ಬೇಕಾದ ಸಾಲಿನಲ್ಲಿ ಮೀಡಿಯಂ ಎಂದು ಬಂದರೆ ನೀಲಿ ಪಟ್ಟಿಯ ಪೈಪ್ ಬಂದು ಇಳಿಯುತ್ತದೆ. ಐಡೆಂಟಿಫೈಯರಿನಲ್ಲೇ ದರ್ಜೆಯ ಹೆಸರನ್ನು ಪೂರ್ತಿಯಾಗಿ ಬರೆಯುವುದು ನನ್ನ ಪದ್ಧತಿ. ಎಂ, ಎಚ್ ಎಂಬ ಒಂದಕ್ಷರದ ಗುರುತು ಸಾಲದು.

ತಿದ್ದಿದ ಮೇಲೂ ಬದಲಾಗದಿದ್ದರೆ

ಲೈಬ್ರರಿ ಸರಿಪಡಿಸಿದಿರಿ, ಹಳೆಯ ರೂಟ್ ತೆರೆದರೆ 65ರ ಪೈಪ್ ಇನ್ನೂ 73.0 ಎಂದೇ ಹೇಳುತ್ತದೆ. ರೂಟಿನಲ್ಲಿ ಕಾಣುವ ಪೈಪ್ ಲೈಬ್ರರಿಯ ಕಡತವಲ್ಲ, ರೂಟ್ ಮಾಡುವಾಗ ಅದರಿಂದ ತೆಗೆದ ಪ್ರತಿ. ಎಲ್ಬೋ, ಫ್ಲ್ಯಾಂಜ್ ಮುಂತಾದವು ಲೈಬ್ರರಿಯ ಕಡತಕ್ಕೇ ಜೋಡಿಸಿಕೊಂಡಿರುತ್ತವೆ, ಆದ್ದರಿಂದ ಅವು ಹೊಸ ಅಳತೆಗೆ ಬರುತ್ತವೆ, ಪೈಪ್ ಹಿಂದೆ ಉಳಿಯುತ್ತದೆ. ಈಗ ಪರದೆಯ ಮೇಲೆಯೇ ಮೆಟ್ಟಿಲು ಕಾಣುತ್ತದೆ. ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ರೂಟನ್ನು ಎಡಿಟ್‌ಗೆ ತೆಗೆದುಕೊಂಡು ಚೇಂಜ್ ರೂಟ್ ಡಯಾಮೀಟರ್ ಆಜ್ಞೆಯಲ್ಲಿ ಬೇರೊಂದು ಸೈಜಿಗೆ ಹೋಗಿ ಮತ್ತೆ 65ಕ್ಕೆ ಬನ್ನಿ. ಆಗಲೂ ಹಳೆಯ ಅಳತೆಯೇ ಬಂದರೆ ಆ ತುಂಡಿನ ಪೈಪನ್ನು ತೆಗೆದು ಲೈಬ್ರರಿಯಿಂದ ಹೊಸದಾಗಿ ಹಾಕಿ. ಈ ಕೆಲಸ ಮಾಡುವಾಗ ಲೈಬ್ರರಿಯ ಪೈಪ್ ಕಡತ ಬೇರೆ ಕಿಟಕಿಯಲ್ಲಿ ತೆರೆದಿರಬಾರದು. ಉಳಿಸದ ಹಳೆಯ ರೂಪ ಮೆಮೊರಿಯಲ್ಲಿ ಕೂತಿದ್ದರೆ ಪ್ರತಿ ಅದರಿಂದಲೇ ತಯಾರಾಗಬಹುದು.

ಪ್ರತಿ ಬಾರಿ ಲೈಬ್ರರಿ ಮುಟ್ಟಿದ ಮೇಲೆ ನಾನು ಓಡಿಸುವ ಒಂದು ಸಣ್ಣ ಅಸೆಂಬ್ಲಿ ಇದೆ. 65 ಎನ್‌ಬಿ ಫ್ಲ್ಯಾಂಜ್, 500 ಮಿಮೀ ನೇರ, 90ರ ತಿರುವು, 500 ಮಿಮೀ ನೇರ, 45ರ ತಿರುವು, 65ರಿಂದ 15ಕ್ಕೆ ಇಳಿಯುವ ಬ್ರಾಂಚ್, ಅದರ ಮೇಲೆ ಎರಡು ಎಲ್ಬೋ. ಎರಡು ತಿರುವುಗಳ ನಡುವಿನ 15ರ ಪೈಪಿನಲ್ಲಿ ಕೇಂದ್ರದಿಂದ ಕೇಂದ್ರಕ್ಕೆ 200 ಕೊಟ್ಟಿದ್ದೇನೆ. ಕಟ್ ಲಿಸ್ಟಿನಲ್ಲಿ ಆ ತುಂಡು 124 ಎಂದು ಬರಬೇಕು. 155 ಬಂದರೆ ಯಾರೋ ಎಕ್ಸೆಲ್‌ನಲ್ಲಿ ಮತ್ತೆ ಒಂದೂವರೆಯಿಂದ ಗುಣಿಸಿದ್ದಾರೆ.